ದಾರ ಕಡಿದರೆ ನಿಲ್ಲುವ ಮಗ್ಗ

1980ರಲ್ಲಿ ಜಪಾನ್ ಸುಮಾರು 1 ಕೋಟಿ 10 ಲಕ್ಷ ವಾಹನ ತಯಾರಿಸಿ ಅಮೆರಿಕವನ್ನು ಹಿಂದಿಕ್ಕಿತು. ಅದಕ್ಕೆ ಮೂವತ್ತು ವರ್ಷ ಮೊದಲು ಅದೇ ದೇಶದ ಟೊಯೋಟಾ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ನಡುವೆ ಏನಾಯಿತು ಅಂತ ಕೇಳಿದರೆ 'ಜಪಾನೀಯರ ಶಿಸ್ತು' ಅನ್ನುವವರೇ ಜಾಸ್ತಿ. ಅಷ್ಟರಿಂದ ಏನೂ ತಿಳಿಯುವುದಿಲ್ಲ.

ಕಥೆ ಶುರುವಾಗುವುದು ಮಗ್ಗದಿಂದ. ಬಡಗಿಯ ಮಗ ಸಾಕಿಚಿ ಟೊಯೋಡಾ 1924ರಲ್ಲಿ ಪೂರ್ತಿಗೊಳಿಸಿದ ಸ್ವಯಂಚಾಲಿತ ಮಗ್ಗ, ದಾರ ಕಡಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ಹಾಸು ಹೊಕ್ಕು ಕಾಯಲು ಮಗ್ಗಕ್ಕೊಬ್ಬರು ಬೇಕಾಗಲಿಲ್ಲ. ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದಿತ್ತು. ಸಾಕಿಚಿಯ ಮಗ ಕಿಚಿರೋ ಕಾರಿನ ಕಡೆ ಹೊರಳಿದ. 1937ರಲ್ಲಿ ಟೊಯೋಟಾ ಮೋಟಾರ್ ಹುಟ್ಟಿತು.

ಟೊಯೋಡಾ ಜವಳಿ ಗಿರಣಿಯಿಂದ ಮೋಟಾರು ಕಂಪನಿಗೆ ಬಂದ ಎಂಜಿನಿಯರ್ ತೈಚಿ ಓನೋ ಮಗ್ಗದ ಲೆಕ್ಕವನ್ನೇ ಲೇತ್ ಯಂತ್ರಗಳಿಗೆ ಹಾಕಿದ. ಯಂತ್ರ ಕೊರೆಯುತ್ತಿರುವಾಗ ಕೆಲಸಗಾರ ನಿಂತು ನೋಡುವುದೇಕೆ? ಒಬ್ಬನಿಗೆ ಎರಡು ಯಂತ್ರ, ಆಮೇಲೆ ಮೂರು. ಪಳಗಿದ ಕೆಲಸಗಾರರು ಇದಕ್ಕೆ ಸುಲಭವಾಗಿ ಒಗ್ಗಲಿಲ್ಲ. ಒಂದೇ ಯಂತ್ರದ ಮೇಲೆ ಕೈ ಕುದುರಿಸಿಕೊಂಡವರು ಅವರು. ಸಿಟ್ಟು ಬರದೇ ಇರುತ್ತದೆಯೇ?

1950ರಲ್ಲಿ ಎರಡು ತಿಂಗಳು ಮುಷ್ಕರ ನಡೆಯಿತು. ಸುಮಾರು 2000 ಜನ, ಅಂದರೆ ಕಾಲು ಭಾಗದಷ್ಟು ಕೆಲಸಗಾರರು ಹೊರಬಿದ್ದರು. ಹೊಣೆ ಹೊತ್ತು ಕಿಚಿರೋ ಕೂಡ ಅಧ್ಯಕ್ಷ ಸ್ಥಾನ ಬಿಟ್ಟ. ಅದೇ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಗಿ, ಅಮೆರಿಕ ಸೇನೆಯಿಂದ ಲಾರಿಗಳಿಗೆ ಆರ್ಡರ್ ಬಂತು. ಕಂಪನಿ ಬದುಕಿಕೊಂಡಿತು. ಆದರೆ ಕಾಯಂ ನೌಕರರನ್ನು ಹೆಚ್ಚಿಸಲು ಹಿಂಜರಿಯಿತು. ಉಳಿದವರಿಂದಲೇ ಹೆಚ್ಚು ಕೆಲಸ ತೆಗೆಯಬೇಕಾಯಿತು. ಓನೋನ ಪ್ರಯೋಗಕ್ಕೆ ಕಂಪನಿಯೊಳಗೆ ಬಲ ಬಂದದ್ದು ಹೀಗೆ. ಬೇಕಾದಾಗ ಬೇಕಾದಷ್ಟೇ ಬಿಡಿಭಾಗ ತರಿಸುವ ಚೀಟಿ ಪದ್ಧತಿ, ತಪ್ಪು ಕಂಡರೆ ಯಾರು ಬೇಕಾದರೂ ಸಾಲು ನಿಲ್ಲಿಸುವ ಹಗ್ಗ, ಇವೆಲ್ಲ ಆಮೇಲೆ ಒಂದೊಂದಾಗಿ ಬಂದವು.

'ತಲಾ ಇಷ್ಟು ಕಾರು' ಅನ್ನುವ ಅಂಕಿಯನ್ನು ಮಾತ್ರ ಜೋಪಾನವಾಗಿ ಓದಬೇಕು. ಟೊಯೋಟಾ ಬಹಳಷ್ಟು ಬಿಡಿಭಾಗ ಹೊರಗಿಂದ ತರಿಸುತ್ತಿತ್ತು. ಅವನ್ನು ಮಾಡಿದವರ ತಲೆ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅದನ್ನು ಸರಿದೂಗಿಸಿದರೂ ಜಪಾನೇ ಮುಂದಿತ್ತು ಅನ್ನುವುದೂ ನಿಜ.

ಬೇಡಿಕೆ ಏರಿದಾಗ ಕೈಗಳು ಬಂದದ್ದು ಹಳ್ಳಿಗಳಿಂದ. ನಮ್ಮ ರಾಯಚೂರು, ಕಲಬುರಗಿ ಕಡೆ ಗುಳೆ ಹೋಗುವುದು ಅನ್ನುತ್ತಾರಲ್ಲ, ಜಪಾನೀಯರಲ್ಲಿ ಅದಕ್ಕೆ 'ದೆಕಾಸೆಗಿ' ಅನ್ನುತ್ತಾರೆ. ಉತ್ತರದ ಹಿಮದ ನಾಡಿನ ರೈತರು ಗದ್ದೆ ಕೆಲಸ ಮುಗಿಸಿ ಊರು ಬಿಡುತ್ತಿದ್ದರು. ಅದೇ ಸೀಮೆಯ ಆವೊಮೊರಿಯ ಪತ್ರಕರ್ತ ಸತೋಶಿ ಕಾಮಾತಾ 1972ರಲ್ಲಿ ಟೊಯೋಟಾದಲ್ಲಿ ಆರು ತಿಂಗಳ ಹಂಗಾಮಿ ಕೂಲಿಯಾಗಿ ಸೇರಿದ. ಗೇರ್‌ಬಾಕ್ಸ್ ಜೋಡಿಸುತ್ತಾ, ಹಾಸ್ಟೆಲಿಗೆ ಮರಳಿ ದಿನಚರಿ ಬರೆದ. ಸಾಲಿನ ವೇಗ ಏರುವುದು, ಮೈ ಸೋಲುವುದು, ಜೊತೆಯವರು ಅವಧಿಗೆ ಮುಂಚೆಯೇ ಬಿಟ್ಟುಹೋಗುವುದು ಎಲ್ಲ ಅದರಲ್ಲಿವೆ. ಗ್ರಾಮೀಣ ವರದಿಗಾರಿಕೆ ಮಾಡುವ ನಾವೆಲ್ಲ ಓದಬೇಕಾದ ಪುಸ್ತಕ ಅದು. ಜಪಾನಿ ಭಾಷೆಯಲ್ಲಿ ಬಂದದ್ದು 1973ರಲ್ಲಿ. ಇಂಗ್ಲಿಷಿಗೆ ಬಂದದ್ದು 1982ರಲ್ಲಿ, ಅಮೆರಿಕದ ಮ್ಯಾನೇಜರುಗಳು ಟೊಯೋಟಾದ ಗುಟ್ಟು ಹುಡುಕಿಕೊಂಡು ಜಪಾನಿಗೆ ವಿಮಾನ ಹತ್ತುತ್ತಿದ್ದ ಕಾಲದಲ್ಲಿ.