ಸರಪಳಿ ವ್ಯಾಪಾರವೂ ಶ್ರಾವಕನ ಲೆಕ್ಕವೂ

ಗೃಹಸ್ಥನು ಎಷ್ಟು ಗಳಿಸಬೇಕೆಂಬುದಕ್ಕಿಂತ ಹೇಗೆ ಗಳಿಸಬೇಕೆಂಬುದನ್ನು ನಮ್ಮ ಆಚಾರ್ಯರು ಮೊದಲು ವಿಚಾರಿಸಿದರು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನ ಅರ್ಹತೆಗಳನ್ನು ಎಣಿಸುವಾಗ ನ್ಯಾಯೋಪಾತ್ತ ಧನಕ್ಕೆ, ಅಂದರೆ ನ್ಯಾಯಮಾರ್ಗದ ಗಳಿಕೆಗೆ, ಮೊದಲ ಸ್ಥಾನವನ್ನಿತ್ತಿದ್ದಾರೆ. ಕಳೆದ ಮೂರು ದಶಕಗಳಲ್ಲಿ ನಮ್ಮ ತರುಣರನ್ನು ಸೆಳೆದಿರುವ ನೆಟ್‌ವರ್ಕ್ ಮಾರ್ಕೆಟಿಂಗನ್ನು, ಜನರ ಬಾಯಲ್ಲಿ ‘ಚೈನ್ ಬಿಸಿನೆಸ್’ ಎನಿಸಿಕೊಂಡಿರುವುದನ್ನು, ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಅವಶ್ಯ. ಆದರೆ ಖಂಡನೆಗೆ ಮುನ್ನ ಅದರ ಚರಿತ್ರೆಯನ್ನು ಅರಿಯುವುದು ಲೇಸು.

ಮನೆ ಬಾಗಿಲಿಗೆ ಬಂದು ಹಣದ ವ್ಯವಹಾರ ಮಾಡುವವನು ಕನ್ನಡ ನಾಡಿಗೆ ಹೊಸಬನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ (ಮುಂದೆ ಸಿಂಡಿಕೇಟ್ ಬ್ಯಾಂಕ್) 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಏಜೆಂಟನು ಮನೆಮನೆಗೆ ಹೋಗಿ ಸಂಗ್ರಹಿಸುತ್ತಿದ್ದನು. 1956ರಲ್ಲಿ ಜೀವವಿಮಾ ನಿಗಮ ಸ್ಥಾಪನೆಯಾದ ಬಳಿಕ ವಿಮಾ ಏಜೆಂಟನು ಹಳ್ಳಿಗಳನ್ನೂ ಮುಟ್ಟಿದನು. ಪರಿಚಿತರು ಸೇರಿ ನಡೆಸುವ ಚೀಟಿಯಂತೂ ಇನ್ನೂ ಹಳೆಯದು. ಇವೆಲ್ಲ ನಿಂತದ್ದು ಗುರುತಿನವನ ಮೇಲಿನ ನಂಬಿಕೆಯಿಂದ. ಮುಂದೆ ಬಂದ ಕಂಪನಿಗಳು ಬಂಡವಾಳವಾಗಿ ಬಳಸಿಕೊಂಡದ್ದು ಈ ನಂಬಿಕೆಯನ್ನೇ ಎಂಬುದು ನನ್ನ ಅಭಿಪ್ರಾಯ. ವ್ಯತ್ಯಾಸವಿಷ್ಟೆ: ಪಿಗ್ಮಿಯವನು ಒಯ್ದದ್ದು ಕೊಟ್ಟವನ ಹೆಸರಿನಲ್ಲೇ ಜಮೆಯಾಗುತ್ತಿತ್ತು, ಕೊಟ್ಟವನು ಮತ್ತೊಬ್ಬನನ್ನು ಕರೆತರಬೇಕಾಗಿರಲಿಲ್ಲ.

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಂತಹ ಊರುಗಳಲ್ಲಿ ಒಕ್ಕಲುತನವೇ ಮುಖ್ಯ ಆಧಾರ; ಹಿಡುವಳಿಯೋ ತಲೆಮಾರಿಗೊಮ್ಮೆ ಪಾಲಾಗುತ್ತ ಕಿರಿದಾಗುವಂಥದು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1950ರಲ್ಲಿ ವಿಶ್ವವಿದ್ಯಾಲಯವೂ ಅಲ್ಲಿಗೆ ಬಂದಿತು. ಓದಿದ ಮಗ ಮಾಸ್ತರನೋ ತಲಾಠಿಯೋ ರೇಲ್ವೆ ನೌಕರನೋ ಆಗುವನೆಂಬ ಭರವಸೆ ಸುತ್ತಲಿನ ಹಳ್ಳಿಗಳಲ್ಲಿ ಬೇರೂರಿತು. ಪದವೀಧರರ ಸಂಖ್ಯೆ ಬೆಳೆದಂತೆ ನೌಕರಿಗಳು ಬೆಳೆಯಲಿಲ್ಲ. 1991ರ ಹೊಸ ಆರ್ಥಿಕ ನೀತಿಯ ತರುವಾಯ ಖಾಯಂ ನೌಕರಿಯ ಜಾಗಕ್ಕೆ ಗುತ್ತಿಗೆಯ ದುಡಿಮೆ ಬಂದಿತು. ಧಾರವಾಡದಲ್ಲಿ ಸ್ಪರ್ಧಾ ಪರೀಕ್ಷೆಗಳ ತರಬೇತಿ ಕೇಂದ್ರಗಳು ತುಂಬಿಕೊಂಡವು. ವಯೋಮಿತಿ ಮೀರುವವರೆಗೆ ಪರೀಕ್ಷೆ ಬರೆದು ಊರಿಗೆ ಮರಳುವ ತರುಣನ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ.

ಅದೇ ಹೊತ್ತಿಗೆ 1995ರಲ್ಲಿ ಓರಿಫ್ಲೇಮ್, 1996ರಲ್ಲಿ ಮೋದಿಕೇರ್, 1998ರಲ್ಲಿ ಆಮ್ವೇ ಭಾರತದಲ್ಲಿ ವ್ಯವಹಾರ ತೊಡಗಿದವು. ಅವುಗಳ ಹಿಂದೆಯೇ ಹೆಸರು ಉಳಿಯದ ಅನೇಕ ಕಂಪನಿಗಳೂ ಬಂದವು. ಅರ್ಜಿ ಬೇಡ, ಸಂದರ್ಶನ ಬೇಡ, ವಶೀಲಿ ಬೇಡ. ನಗರದ ಹೋಟೆಲಿನ ಸಭಾಂಗಣಕ್ಕೆ ಕರೆದು, ಕೈಕುಲುಕಿ, ಎಲ್ಲರೆದುರು ಚಪ್ಪಾಳೆ ತಟ್ಟಿ, ‘ಡೈಮಂಡ್’ ಎಂಬಂತಹ ಪದವಿಯನ್ನೂ ತೋರಿಸಿದರು. ಹಲವೆಡೆ ತಿರಸ್ಕೃತನಾದವನಿಗೆ ಹಣದಷ್ಟೇ ಈ ಆದರವೂ ಬೇಕಾಗಿತ್ತು. ಇದನ್ನು ಬರಿಯ ದುರಾಶೆಯೆಂದು ಜರೆಯುವ ಹಿರಿಯರು, ಆ ಆದರವನ್ನು ತಾವೇಕೆ ಕೊಡಲಿಲ್ಲವೆಂದು ಕೇಳಿಕೊಳ್ಳಬಹುದು.

ಕಾನೂನು ಈ ಕಂಪನಿಗಳಿಗಿಂತ ಹಳೆಯದು. ರಿಸರ್ವ್ ಬ್ಯಾಂಕು ನೇಮಿಸಿದ್ದ ಜೇಮ್ಸ್ ರಾಜ್ ಅಧ್ಯಯನ ತಂಡದ ಶಿಫಾರಸಿನ ಮೇರೆಗೆ, ಬಹುಮಾನ ಚೀಟಿಗಳನ್ನೂ ಹಣ ಚಲಾವಣೆಯ ಯೋಜನೆಗಳನ್ನೂ 1978ರ ಕಾಯ್ದೆ ನಿಷೇಧಿಸಿತು. ಆ ಕಾಯ್ದೆ ತನಗೆ ಅನ್ವಯಿಸದೆಂದು ವಾದಿಸಿದ ಆಮ್ವೇ ಕಂಪನಿಯ ಅರ್ಜಿಯನ್ನು ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು 2007ರಲ್ಲಿ ತಳ್ಳಿಹಾಕಿತು. 2016ರಲ್ಲಿ ಕೇಂದ್ರ ಸರಕಾರದ ಮಾರ್ಗಸೂಚಿ ಬಂದಿತು. 2021ರ ಡಿಸೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೇರ ಮಾರಾಟದ ನಿಯಮಗಳು ಪ್ರಕಟವಾದವು. ಸರಕನ್ನು ನೇರವಾಗಿ ಮಾರುವುದು ಸಮ್ಮತ, ಜನರನ್ನು ಸೇರಿಸಿದ್ದಕ್ಕಾಗಿ ಹಣ ಕೊಡುವ ಪಿರಮಿಡ್ ಯೋಜನೆ ನಿಷಿದ್ಧ ಎಂಬುದು ಅವುಗಳ ಸಾರ. ಆದ್ದರಿಂದ ಎಲ್ಲ ಕಂಪನಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು.

ಆದರೂ ಗಣಿತ ಯಾರ ಮುಖವನ್ನೂ ನೋಡುವುದಿಲ್ಲ. ಒಬ್ಬನು ಆರು ಜನರನ್ನು, ಆ ಆರರಲ್ಲಿ ಪ್ರತಿಯೊಬ್ಬನು ಮತ್ತೆ ಆರು ಜನರನ್ನು ಸೇರಿಸುತ್ತ ಹೋದರೆ, ಆರನೆಯ ಸುತ್ತಿಗೆ ಒಟ್ಟು 55,987 ಜನ. ಎಂಟನೆಯ ಸುತ್ತಿಗೆ 20,15,539. 2011ರ ಜನಗಣತಿಯಂತೆ ಧಾರವಾಡ ಜಿಲ್ಲೆಯ ಜನಸಂಖ್ಯೆಯೇ 18,47,023. ತೊಟ್ಟಿಲ ಕೂಸೂ ಸೇರಿದರೂ ಸಾಲದು. ಸರಪಳಿ ಎಲ್ಲಿಯೇ ನಿಲ್ಲಲಿ, ಸೇರಿದ ಆರು ಜನರಲ್ಲಿ ಸುಮಾರು ಐವರು ಕೊನೆಯ ಸುತ್ತಿನವರು, ತಮ್ಮ ಕೆಳಗೆ ಯಾರೂ ಇಲ್ಲದವರು. ಅವರ ನಷ್ಟವು ಸೋಮಾರಿತನದ ಫಲವಲ್ಲ, ಆಕೃತಿಯ ಫಲ.

ಇಲ್ಲಿಯೇ ಜಿನಾಗಮದ ಲೆಕ್ಕ ನೆನಪಾಗುತ್ತದೆ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದವರನ್ನು ಮೆಚ್ಚಿದ್ದು, ಈ ಕೃತ, ಕಾರಿತ, ಅನುಮತಗಳು ಮೂರೂ ಕರ್ಮಾಸ್ರವಕ್ಕೆ ದ್ವಾರವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಎಣಿಸುತ್ತದೆ. ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತಗಳು, ಮನೋವಾಕ್ಕಾಯಗಳು, ಈ ಮೂರು ಹಾಗೂ ನಾಲ್ಕು ಕಷಾಯಗಳನ್ನು ಗುಣಿಸಿದರೆ 108 ಬಗೆ. ಜಪಮಾಲೆಯ ಮಣಿಗಳನ್ನು ಇದಕ್ಕೆ ಹೊಂದಿಸಿ ಹೇಳುವ ರೂಢಿಯಿದೆ. ಇತರ ವ್ಯಾಪಾರಗಳಲ್ಲಿ ಕಾರಿತವು ಪ್ರಾಸಂಗಿಕ. ಸರಪಳಿ ವ್ಯಾಪಾರದಲ್ಲಿ ಅದುವೇ ಆದಾಯದ ಮೂಲ. ಕೆಳಗಿನವನು ಆಡಿದ ಉತ್ಪ್ರೇಕ್ಷೆಯ ಮಾತಿನ ಕಮಿಷನ್ನು ಮೇಲಿನವನಿಗೆ ಸಲ್ಲುವಾಗ, ಆ ಮಾತಿನ ಹೊಣೆ ಮಾತ್ರ ಸಲ್ಲುವುದಿಲ್ಲವೆನ್ನಲು ಬಾರದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವೇ ಮೊದಲನೆಯದು.

ಕಲಘಟಗಿಯ ಬಣ್ಣದ ತೊಟ್ಟಿಲು ಹೆಸರಾದುದು. ಅದನ್ನು ಕೊಳ್ಳುವವನು ಕೂಸಿಗಾಗಿ ಕೊಳ್ಳುತ್ತಾನೆ. ತಾನೂ ಆರು ತೊಟ್ಟಿಲು ಮಾರಿಸಬೇಕೆಂಬ ಆಶೆಯಿಂದಲ್ಲ. ಗಳಿಕೆಯ ಆಶೆಯನ್ನು ತೆಗೆದಿಟ್ಟ ಮೇಲೆ ಆ ಬೆಲೆಗೆ ಆ ಪುಡಿಯ ಡಬ್ಬಿಯನ್ನು ಯಾರಾದರೂ ಕೊಳ್ಳುವರೇ ಎಂಬುದೇ ಕೇಳಬೇಕಾದ ಪ್ರಶ್ನೆ. ಸೇರಿದವನು ಗೊತ್ತಾದ ಅವಧಿಯೊಳಗೆ ಒಪ್ಪಂದವನ್ನು ಮುರಿದು ಸರಕನ್ನು ಹಿಂದಿರುಗಿಸಬಹುದೆಂದು ಈಗಿನ ನಿಯಮಗಳು ಹೇಳುತ್ತವೆ. ಆದರೆ ಸೇರಿಸಿದವನು ಸ್ವಂತ ಸೋದರಮಾವನಾಗಿದ್ದರೆ, ಬಸದಿಯಲ್ಲಿ ದಿನವೂ ಎದುರಾಗುವ ಸಾಧರ್ಮಿಯಾಗಿದ್ದರೆ, ಆ ಡಬ್ಬಿಯನ್ನು ಹಿಂದಿರುಗಿಸುವ ಧೈರ್ಯ ಎಷ್ಟು ಜನರಿಗಿದ್ದೀತು?