ಬೇರೊಬ್ಬರ ಅಂಕಿತದಲ್ಲಿ

ಹತ್ತು ಸೆಂಟಿಗೆ ಬಿಕರಿಯಾಗುತ್ತಿದ್ದ ಕಾಮಿಕ್ ಪುಸ್ತಕವನ್ನು ಬರೆದವರು ಯಾರೆಂದು ವಿಚಾರಿಸುವವರು ಅಮೆರಿಕದಲ್ಲೂ ಆಗ ವಿರಳ. ಮಕ್ಕಳಿಗೆ ಕತೆ ಬೇಕು, ಪ್ರಕಾಶಕರಿಗೆ ಮಾರಾಟ ಬೇಕು. ಈ ಉದಾಸೀನದ ಮರೆಯಲ್ಲಿ ಜಾಯ್ ಹಮ್ಮೆಲ್ ಎಂಬಾಕೆಯ ಹೆಸರು ಸುಮಾರು 70 ವರ್ಷ ಅಡಗಿತ್ತು.

ಮನಶ್ಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್ಟನ್ 1941ರಲ್ಲಿ ‘ವಂಡರ್ ವುಮನ್’ ಎಂಬ ವೀರಾಂಗನೆಯನ್ನು ಸೃಷ್ಟಿಸಿದ. ಹೆಣ್ಣಿನ ಆಳ್ವಿಕೆಯೇ ಲೋಕಕ್ಕೆ ಲೇಸೆಂದು ನಂಬಿದ್ದ ಆತ ಬರೆದದ್ದು ‘ಚಾರ್ಲ್ಸ್ ಮೌಲ್ಟನ್’ ಎಂಬ ಹೆಸರಿನಲ್ಲಿ. ಯುವತಿಯರನ್ನು ಕಚೇರಿ ಕೆಲಸಕ್ಕೆ ಅಣಿಗೊಳಿಸುತ್ತಿದ್ದ ನ್ಯೂಯಾರ್ಕಿನ ಕ್ಯಾಥರೀನ್ ಗಿಬ್ಸ್ ಶಾಲೆಯಲ್ಲಿ ಆತ ಪಾಠವನ್ನೂ ಹೇಳುತ್ತಿದ್ದ. ಅಲ್ಲಿ ಹಮ್ಮೆಲ್‌ಳ ಉತ್ತರಪತ್ರಿಕೆ ಆತನ ಗಮನ ಸೆಳೆಯಿತು. ಇಪ್ಪತ್ತರ ಹೊಸ್ತಿಲಲ್ಲಿದ್ದ ಆಕೆಯನ್ನು 1944ರಲ್ಲಿ ಸಹಾಯಕಿಯಾಗಿ ಸೇರಿಸಿಕೊಂಡ.

ಮೊದಲು ಆತನ ಕತೆಗಳನ್ನು ಟೈಪು ಮಾಡುವುದೇ ಕೆಲಸ. ಮಾರ್ಸ್ಟನ್‌ನ ಮನೆಯಲ್ಲೇ ಇದ್ದ ಆಲಿವ್ ಬರ್ನ್ ಆಕೆಗೊಂದು ಪುಸ್ತಕ ಕೊಟ್ಟಳಂತೆ: ತನ್ನ ದೊಡ್ಡಮ್ಮ, ಸಂತಾನ ನಿಯಂತ್ರಣದ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ 1920ರಲ್ಲಿ ಪ್ರಕಟಿಸಿದ ‘ವುಮನ್ ಅಂಡ್ ದ ನ್ಯೂ ರೇಸ್’. ಮಕ್ಕಳ ಕತೆಗೆ ಎಂಥ ಪೂರ್ವಸಿದ್ಧತೆ ನೋಡಿ! ಅದೇ ಆಗಸ್ಟಿನಲ್ಲಿ ಮಾರ್ಸ್ಟನ್‌ಗೆ ಪೋಲಿಯೊ ತಗಲಿತು. ಬರವಣಿಗೆಯ ಹೊರೆ ಹೆಚ್ಚುಹೆಚ್ಚಾಗಿ ಆಕೆಯ ಹೆಗಲಿಗೆ ಬಂದಿತು. ಶುಕ್ರಗ್ರಹದ ರೆಕ್ಕೆಯ ಕನ್ಯೆಯರ ಕತೆ 1945ರಲ್ಲಿ ಅಚ್ಚಾಯಿತು. ಮೂರು ವರ್ಷಗಳಲ್ಲಿ ಆಕೆ ಬರೆದ ಕತೆಗಳು 70ಕ್ಕೂ ಮಿಕ್ಕಿದ್ದವು. ಆದರೆ ಮುದ್ರಿತವಾದ ಹೆಸರು ‘ಚಾರ್ಲ್ಸ್ ಮೌಲ್ಟನ್’ ಒಂದೇ. ಅಕ್ಕಮಹಾದೇವಿಯ ಅಂಕಿತ ಆಕೆ ಒಲಿದ ದೈವದ ಹೆಸರು. ಹಮ್ಮೆಲ್‌ಳ ಅಂಕಿತವಾದರೋ ಯಜಮಾನನದು.

ಹಾಗೆ ನೋಡಿದರೆ ಕಥಾನಾಯಕಿಯ ಪಾಡೂ ಬೇರೆಯಲ್ಲ. ವೀರರ ಸಂಘವೊಂದಕ್ಕೆ 1942ರಲ್ಲಿ ಸೇರಿದ ವಂಡರ್ ವುಮನ್‌ಗೆ ಮತ್ತೊಬ್ಬ ಲೇಖಕ ದಯಪಾಲಿಸಿದ್ದ ಹುದ್ದೆ ಸಂಘದ ಕಾರ್ಯದರ್ಶಿನಿಯದು!

1947ರಲ್ಲಿ ಮಾರ್ಸ್ಟನ್ ತೀರಿಕೊಂಡ. ಅದೇ ವರ್ಷ ಮದುವೆಯಾದ ಹಮ್ಮೆಲ್, ಗಂಡನ ಮಗಳನ್ನು ಸಾಕಲು ಕೆಲಸ ಬಿಟ್ಟಳು. ಬರವಣಿಗೆ ರಾಬರ್ಟ್ ಕ್ಯಾನಿಗರ್‌ನ ಕೈಸೇರಿತು. ಲೋಕವನ್ನು ತಿದ್ದಹೊರಟಿದ್ದ ನಾಯಕಿ ಕ್ರಮೇಣ ಪ್ರಣಯದ ಗೊಂದಲಗಳಲ್ಲಿ ಸಿಲುಕಿದಳು. ಹಮ್ಮೆಲ್ ಉಳಿದಿದ್ದರೆ ಹೀಗಾಗುತ್ತಿರಲಿಲ್ಲವೆಂದು ನನಗನ್ನಿಸುತ್ತದೆ.

ಚರಿತ್ರಕಾರ್ತಿ ಜಿಲ್ ಲೆಪೋರ್ ವಂಡರ್ ವುಮನ್‌ಳ ಇತಿಹಾಸ ಬರೆದು 2014ರಲ್ಲಿ ಪ್ರಕಟಿಸಿದಾಗ ಹಮ್ಮೆಲ್‌ಳ ಹೆಸರು ಬೆಳಕಿಗೆ ಬಂದಿತು. 2018ರಲ್ಲಿ, ತನ್ನ 94ನೆಯ ವಯಸ್ಸಿನಲ್ಲಿ, ಆಕೆಗೆ ಬಿಲ್ ಫಿಂಗರ್ ಪ್ರಶಸ್ತಿ ದೊರೆಯಿತು. ಆ ಫಿಂಗರ್ ಕೂಡ ಬ್ಯಾಟ್‌ಮನ್‌ನನ್ನು ರೂಪಿಸಿಯೂ ತನ್ನ ಹೆಸರು ಅಚ್ಚಾಗುವುದನ್ನು ಕಾಣದೆ 1974ರಲ್ಲಿ ಸತ್ತವನು. ಹಮ್ಮೆಲ್ ಕಂಡಳು, ಮೂರು ವರ್ಷದ ನಂತರ, 2021ರ ಏಪ್ರಿಲಿನಲ್ಲಿ, ತೀರಿಕೊಂಡಳು.