ಉಕ್ಕಿನಿಂದ ಕಾರ್ಬನ್‌ಗೆ: ಟ್ರಯಾಥ್ಲಾನ್ ಸೈಕಲ್ಲಿನ ಫ್ರೇಮ್ ನಡೆದು ಬಂದ ದಾರಿ

1978ರಲ್ಲಿ ಹವಾಯಿಯ ಓಅಹು ದ್ವೀಪದಲ್ಲಿ ನಡೆದ ಮೊದಲ ಐರನ್‌ಮ್ಯಾನ್ ಟ್ರಯಾಥ್ಲಾನ್‌ಗೆ ಇಳಿದವರು 15 ಮಂದಿ. ಈಜಿಗೂ ಮ್ಯಾರಥಾನ್‌ಗೂ ನಡುವೆ 180 ಕಿ.ಮೀ. ಸೈಕಲ್ ತುಳಿಯಬೇಕಿತ್ತು. ಆ ಕಾಲಕ್ಕೆ ಒಳ್ಳೆಯ ಫ್ರೇಮ್ ಎಂದರೆ ಉಕ್ಕಿನದೇ. ಇಂದು ಅದೇ ಸ್ಪರ್ಧೆಯ ಮುಂಚೂಣಿಯಲ್ಲಿ ಕಾಣುವುದೆಲ್ಲ ಕಾರ್ಬನ್. ಇದನ್ನು ಹಗುರತನದ ಗೆಲುವೆಂದು ಹೇಳುವುದು ರೂಢಿ. ಆದರೆ ಈ ಚರಿತ್ರೆಯನ್ನು ಮುನ್ನಡೆಸಿದ್ದು ಆಕಾರ, ಅದರಲ್ಲೂ ಸವಾರನ ಮೈ ಸೈಕಲ್ ಮೇಲೆ ತಾಳುವ ಆಕಾರ, ಎಂಬುದು ನನ್ನ ವಾದ.

ಲೋಹಗಳನ್ನೇ ನೋಡಿ. ಅಲ್ಯೂಮಿನಿಯಂ ತೂಕ ಉಕ್ಕಿನ ಮೂರನೇ ಒಂದು ಪಾಲು, ಬಿಗಿತವೂ ಅಷ್ಟೇ. ಟೈಟಾನಿಯಂ ಎರಡರಲ್ಲೂ ಉಕ್ಕಿನ ಅರ್ಧದ ಆಸುಪಾಸಿನಲ್ಲಿದೆ. ಹಾಗಾಗಿ ತೂಕಕ್ಕೆ ತಕ್ಕ ಬಿಗಿತದಲ್ಲಿ ಮೂರೂ ಸರಿಸುಮಾರು ಸಮ. 1970ರ ದಶಕದಲ್ಲಿ ಎಂಐಟಿಯ ಗ್ಯಾರಿ ಕ್ಲೈನ್ ಅಲ್ಯೂಮಿನಿಯಂ ಫ್ರೇಮನ್ನು ಗಟ್ಟಿಯಾಗಿಸಿದ್ದು ಕೊಳವೆಯ ವ್ಯಾಸ ಹಿಗ್ಗಿಸಿ. ಅಲ್ಲಿಯೂ ಕೆಲಸ ಮಾಡಿದ್ದು ಆಕಾರವೇ. ಇದಕ್ಕಿಂತ ದೊಡ್ಡ ತಿರುವು ಬಂದದ್ದು ಗಾಳಿಯ ತಡೆ ತಗ್ಗುವಂತೆ ಮೊಣಕೈ ಊರಿ ಬಾಗಿ ಕೂರಲು ಬೂನ್ ಲೆನನ್ ರೂಪಿಸಿದ ಏರೋಬಾರ್‌ನಿಂದ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಗ್ರೆಗ್ ಲೆಮಂಡ್ ಅಂಥ ಬಾರ್ ಹಿಡಿದು ಒಟ್ಟು 8 ಸೆಕೆಂಡುಗಳಿಂದ ಗೆದ್ದರು. ಅದೇ ವರ್ಷ ಡ್ಯಾನ್ ಎಂಪ್‌ಫೀಲ್ಡ್ ಅವರ ಕ್ವಿಂಟಾನಾ ರೂ ಕಂಪನಿ ಆ ಭಂಗಿಗೆಂದೇ ಆಸನವನ್ನು ಮುಂದಕ್ಕೊಯ್ದ ಸೂಪರ್‌ಫಾರ್ಮ್ ಎಂಬ ಸೈಕಲ್ ತಂದಿತು.

ಕಾರ್ಬನ್ ಒಗ್ಗಿದ್ದು ಈ ಭಂಗಿಗೆ, ಈ ಗಾಳಿಗೆ. 1986ರ ಕೆಸ್ಟ್ರೆಲ್ 4000 ಅಚ್ಚಿನಲ್ಲಿ ರೂಪುಗೊಂಡ ಫ್ರೇಮ್. ಕೊಳವೆಗಳನ್ನು ಜೋಡಿಸುವ ಹಂಗಿಲ್ಲದ್ದರಿಂದ ಅದಕ್ಕೆ ಗಾಳಿಗೆ ತಕ್ಕ ಆಕಾರ ಕೊಡಬಹುದಿತ್ತು. ಮುಂದೆ ಆಸನದ ಕೊಳವೆಯನ್ನೇ ಬಿಟ್ಟ ಫ್ರೇಮ್‌ಗಳು ಬಂದವು. ರಸ್ತೆ ರೇಸ್‌ಗಳಲ್ಲಿ ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟವಾದ ಯುಸಿಐ ಅಂಥವನ್ನು ತಡೆಯಿತು, ಐರನ್‌ಮ್ಯಾನ್‌ಗೆ ಆ ಕಟ್ಟು ತಟ್ಟಲಿಲ್ಲ. ಆದರೆ ಗಾಳಿಯ ತಡೆಯಲ್ಲಿ ಬಹುಪಾಲು ಸವಾರನ ಮೈಯದೇ. ಫ್ರೇಮ್ ಎಷ್ಟೇ ಚೂಪಾಗಿರಲಿ, ಐದಾರು ಗಂಟೆ ಬಾಗಿ ಕೂರಲಾಗದೆ ಎದ್ದು ಕೂತರೆ ಆ ಲಾಭ ಕರಗಿಹೋಗುತ್ತದೆ.

ಏರಿನಲ್ಲಿ ತೂಕ ಕಾಡುವುದಿಲ್ಲವೇ ಎಂದು ಕೇಳಬಹುದು. ಲೆಕ್ಕ ಹಾಕೋಣ. ಒಂದು ಕಿಲೋ ಹೆಚ್ಚುವರಿ ಭಾರವನ್ನು 1000 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದದ್ದು ಸುಮಾರು 9,800 ಜೂಲ್. 200 ವಾಟ್ ಶಕ್ತಿ ಹಾಕುವವರಿಗೆ ಅದು 49 ಸೆಕೆಂಡಿನ ದುಡಿಮೆ, ಇಳಿಜಾರಿನಲ್ಲಿ ಅದರ ಒಂದಿಷ್ಟು ವಾಪಸಾಗುತ್ತದೆ. ಉಕ್ಕು, ಟೈಟಾನಿಯಂ ರಸ್ತೆಯ ಅದುರುವಿಕೆಯನ್ನು ನುಂಗುತ್ತವೆ ಎಂಬುದು ಇನ್ನೊಂದು ಆಕ್ಷೇಪ. ಅದರಲ್ಲಿ ಸ್ವಲ್ಪ ನಿಜವಿದೆ, ಆದರೆ ಟೈರ್ ಕುಗ್ಗುವಷ್ಟು ಯಾವ ಫ್ರೇಮೂ ಕುಗ್ಗದು, 23 ಮಿ.ಮೀ. ಟೈರ್ ತೆಗೆದು 28 ಹಾಕಿದರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಬಾಳಿಕೆಯ ಪ್ರಶ್ನೆಗೆ ಹೆಚ್ಚು ತೂಕವಿದೆ. ಏರೋಬಾರ್ ಮೇಲೆ ಬಾಗಿದವರ ಉಪ್ಪು ಬೆವರು ಗಂಟೆಗಟ್ಟಲೆ ಸ್ಟೆಮ್ಮಿನ ಬೋಲ್ಟ್‌ಗಳ ಮೇಲೆ, ಫ್ರೇಮಿನ ಮೇಲ್ಕೊಳವೆಯ ಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ. ಉಕ್ಕು ಅದಕ್ಕೆ ತುಕ್ಕು ಹಿಡಿಯುತ್ತದೆ, ಟೈಟಾನಿಯಂ ಜಗ್ಗುವುದಿಲ್ಲ. ಕಾರ್ಬನ್ನಿಗೆ ಬೆವರಿನ ಭಯವಿಲ್ಲ, ಬಲವಾದ ಪೆಟ್ಟಿನ ಭಯವಿದೆ. ಒಳಗಿನ ಬಿರುಕು ಕಣ್ಣಿಗೆ ಕಾಣದೇ ಇರಬಹುದು.

ಹಣಕ್ಕೆ ಮಿತಿಯಿಲ್ಲದವರು ಕಾರ್ಬನ್ ಕೊಳ್ಳಲಿ. ಮಿತಿಯಿದ್ದರೆ, ಮೈಯಳತೆಗೆ ಹೊಂದುವ ಅಲ್ಯೂಮಿನಿಯಂ ಟ್ರಯಾಥ್ಲಾನ್ ಫ್ರೇಮ್ ಕೊಂಡು, ಉಳಿದ ದುಡ್ಡನ್ನು ಬೈಕ್ ಫಿಟ್ಟಿಂಗ್‌ಗೂ ಒಳ್ಳೆಯ ಟೈರ್‌ಗೂ ಹಾಕಿ. ಅಳತೆ ಹೊಂದದ ಕಾರ್ಬನ್ ಫ್ರೇಮ್ ಅರ್ಧ ಬೆಲೆಗೆ ಸಿಕ್ಕರೂ ಬೇಡ.